ಯುದ್ಧ, ತುರ್ತು ಪರಿಸ್ಥಿತಿ: ಸರ್ಕಾರದ ಅಧಿಕಾರ ಎಲ್ಲಿಯವರೆಗೆ?

ಓದುಗರ ಕಾನೂನು ಪ್ರಶ್ನೆಗಳು

ಯುದ್ಧ ಮತ್ತು ತುರ್ತು ಪರಿಸ್ಥಿತಿಯ ಅಧಿಕಾರಗಳ ಬಗ್ಗೆ ಬಂದ ಪ್ರಶ್ನೆಗಳಿಗೆ ಈ ಸಂಚಿಕೆಯನ್ನು ಮೀಸಲಿಟ್ಟಿದ್ದೇವೆ. ಒಂದೇ ವಿಷಯವನ್ನು ಹಲವರು ಕೇಳಿದ್ದರೆ ಒಂದೇ ಪ್ರಶ್ನೆಯಾಗಿ ಕೂಡಿಸಿದ್ದೇವೆ.

ಪ್ರಶ್ನೆ: 1975ರಲ್ಲಿ ಆದಂತೆ ರಾತ್ರೋರಾತ್ರಿ ತುರ್ತು ಪರಿಸ್ಥಿತಿ ಹೇರಲು ಈಗಲೂ ಪ್ರಧಾನಿಗೆ ಸಾಧ್ಯವೇ?
(ಪದವಿ ವಿದ್ಯಾರ್ಥಿನಿ, ಹಾವೇರಿ)

ಅದೇ ದಾರಿಯಲ್ಲಿ ಸಾಧ್ಯವಿಲ್ಲ. 1975ರ ಜೂನ್ 25ರ ರಾತ್ರಿ ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹ್ಮದ್ ಉದ್ಘೋಷಣೆಗೆ ಸಹಿ ಹಾಕಿದ್ದು ಪ್ರಧಾನಿ ಇಂದಿರಾ ಗಾಂಧಿಯವರ ಪತ್ರದ ಮೇಲೆ. ಸಂಪುಟ ಸೇರಿದ್ದು ಮರುದಿನ ಬೆಳಿಗ್ಗೆ 6 ಗಂಟೆಗೆ, ಅದೂ ಆಗಿಹೋದದ್ದಕ್ಕೆ ಒಪ್ಪಿಗೆ ಕೊಡಲು. ಅಷ್ಟರಲ್ಲಿ ಬಂಧನಗಳು ಶುರುವಾಗಿದ್ದವು. ತುರ್ತಿದ್ದಾಗ ಪ್ರಧಾನಿ ಸಂಪುಟವನ್ನು ಕೇಳದೆ ತೀರ್ಮಾನಿಸಿ ಆಮೇಲೆ ಒಪ್ಪಿಗೆ ಪಡೆಯಬಹುದೆಂದು ಕೇಂದ್ರ ಸರ್ಕಾರದ ಕಾರ್ಯಕಲಾಪ ನಿಯಮಗಳ 12ನೇ ನಿಯಮ ಹೇಳುತ್ತದೆ. ಅಂದು ಆ ನಿಯಮವನ್ನೇ ಆಧಾರವಾಗಿ ತೋರಿಸಲಾಯಿತು.

1978ರ 44ನೇ ತಿದ್ದುಪಡಿ ಆ ಬಾಗಿಲನ್ನು ಮುಚ್ಚಿತು. ಈಗ 352ನೇ ವಿಧಿಯ 3ನೇ ಖಂಡದ ಪ್ರಕಾರ ಇಡೀ ಸಂಪುಟದ ತೀರ್ಮಾನ ಲಿಖಿತವಾಗಿ ರಾಷ್ಟ್ರಪತಿಗೆ ತಲುಪಬೇಕು. ಆ ಕಾಗದ ಬರುವ ಮುಂಚೆ ರಾಷ್ಟ್ರಪತಿ ಸಹಿ ಹಾಕುವಂತಿಲ್ಲ. ಸಂಪುಟ ಎಂದರೆ ಪ್ರಧಾನಿ ಮತ್ತು ಸಂಪುಟ ದರ್ಜೆಯ ಸಚಿವರು ಎಂದು ಅದೇ ಖಂಡದಲ್ಲಿ ಬಿಡಿಸಿ ಬರೆದಿದ್ದಾರೆ. ಸಂವಿಧಾನದ ಮೂಲಪಠ್ಯದಲ್ಲಿ ಸಂಪುಟ ಎಂಬ ಮಾತು ಇರಲೇ ಇಲ್ಲ, ಮಂತ್ರಿಮಂಡಲ ಎಂದಷ್ಟೇ ಇತ್ತು.

ಕಾರಣಗಳೂ ಕಿರಿದಾಗಿವೆ. ಯುದ್ಧ, ಬಾಹ್ಯ ಆಕ್ರಮಣ, ಸಶಸ್ತ್ರ ಬಂಡಾಯ, ಈ ಮೂರೇ. 1975ರಲ್ಲಿ ಬಳಸಿದ್ದು ‘ಆಂತರಿಕ ಕ್ಷೋಭೆ’ ಎಂಬ ಕಾರಣ. ಮುಷ್ಕರ, ಚಳವಳಿ, ಬೀದಿ ಹೋರಾಟ ಎಲ್ಲವನ್ನೂ ಅದರೊಳಗೆ ತುರುಕಬಹುದಿತ್ತು. ಈಗ ಅದು ಪಟ್ಟಿಯಲ್ಲಿಲ್ಲ. ಆದರೆ ಅಪಾಯ ಬಂದ ಮೇಲೆಯೇ ಘೋಷಿಸಬೇಕೆಂದೇನೂ ಇಲ್ಲ, ಸನಿಹದಲ್ಲಿದ್ದರೂ ಸಾಕು. ‘ಸಶಸ್ತ್ರ ಬಂಡಾಯ’ ಎಂದರೇನು ಎಂಬ ವ್ಯಾಖ್ಯಾನವೂ ಸಂವಿಧಾನದಲ್ಲಿ ಸಿಗುವುದಿಲ್ಲ. ನಮ್ಮ ದೃಷ್ಟಿಯಲ್ಲಿ ಈ ವಿಧಿಯಲ್ಲಿ ಉಳಿದಿರುವ ದೊಡ್ಡ ಸಡಿಲು ಇದು.

ಸಹಿಯಾದ ಮೇಲೆ ಒಂದು ತಿಂಗಳೊಳಗೆ ಎರಡೂ ಸದನ ಒಪ್ಪಬೇಕು. ಮೊದಲು ಎರಡು ತಿಂಗಳಿತ್ತು, ಹಾಜರಿದ್ದವರ ಸರಳ ಬಹುಮತ ಸಾಕಿತ್ತು. ಈಗ ಎರಡು ಲೆಕ್ಕ ಒಟ್ಟಿಗೆ ಕೂಡಿಬರಬೇಕು: ಸದನದ ಒಟ್ಟು ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು, ಜೊತೆಗೆ ಹಾಜರಿದ್ದು ಮತ ಹಾಕಿದವರಲ್ಲಿ ಮೂರನೇ ಎರಡು. 543 ಸ್ಥಾನಗಳ ಲೋಕಸಭೆಯಲ್ಲಿ 300 ಜನ ಮತ ಹಾಕಿದರೆ ಮೂರನೇ ಎರಡು ಎಂದರೆ 200, ಆದರೆ 200 ಮತ ಸಾಲದು, 272 ಬೇಕೇ ಬೇಕು. ಎಲ್ಲ 543 ಜನ ಮತ ಹಾಕಿದರೆ 272 ಸಾಲದು, 362 ಬೇಕು. 245 ಸ್ಥಾನಗಳ ರಾಜ್ಯಸಭೆಯಲ್ಲಿ ಕನಿಷ್ಠ 123, ಎಲ್ಲರೂ ಮತ ಹಾಕಿದರೆ 164. ಲೋಕಸಭೆಯಲ್ಲಿ ಭಾರಿ ಬಹುಮತ ಇದ್ದು ರಾಜ್ಯಸಭೆಯಲ್ಲಿ ಕೊರತೆಯಿರುವ ಸರ್ಕಾರ ಎಡವುವುದು ಇಲ್ಲಿಯೇ. ಒಪ್ಪಿಗೆ ಸಿಗದಿದ್ದರೆ ಉದ್ಘೋಷಣೆಯನ್ನು ಯಾರೂ ರದ್ದು ಮಾಡಬೇಕಿಲ್ಲ, ತಿಂಗಳು ಮುಗಿದೊಡನೆ ತಾನಾಗಿಯೇ ಬಿದ್ದುಹೋಗುತ್ತದೆ. ಆ ಹೊತ್ತಿಗೆ ಲೋಕಸಭೆ ವಿಸರ್ಜನೆಯಾಗಿದ್ದರೆ ತಿಂಗಳೊಳಗೆ ರಾಜ್ಯಸಭೆ ಒಪ್ಪಿರಬೇಕು, ಹೊಸ ಲೋಕಸಭೆ ಮೊದಲ ಸಲ ಸೇರಿದ 30 ದಿನದೊಳಗೆ ಒಪ್ಪಬೇಕು.

ಒಪ್ಪಿಗೆಯ ಆಯುಷ್ಯ 6 ತಿಂಗಳು. ಮುಂದುವರಿಸಬೇಕಾದರೆ ಮತ್ತೆ ಅದೇ ವಿಶೇಷ ಬಹುಮತ. ಈ ಗಡುವು ಏಕೆ ಬಂತೆಂದರೆ, 1962ರ ಅಕ್ಟೋಬರ್ 26ರಂದು ಚೀನಾ ಯುದ್ಧಕ್ಕಾಗಿ ಘೋಷಿಸಿದ ತುರ್ತು ಪರಿಸ್ಥಿತಿ ತೆರವಾದದ್ದು 1968ರ ಜನವರಿ 10ರಂದು. ಯುದ್ಧ ಮುಗಿದದ್ದು 1962ರ ನವೆಂಬರ್‌ನಲ್ಲಿ. ಒಂದು ಸಲ ಒಪ್ಪಿದ ಮೇಲೆ ಸಂಸತ್ತನ್ನು ಮತ್ತೆ ಕೇಳುವ ಅಗತ್ಯವೇ ಆಗ ಇರಲಿಲ್ಲ.

ವಿರೋಧ ಪಕ್ಷದ ಕೈಯಲ್ಲೂ ಒಂದು ಅಸ್ತ್ರವಿದೆ, ಇದನ್ನು ಹೇಳುವವರು ಕಡಿಮೆ. ಲೋಕಸಭೆಯ ಹತ್ತನೇ ಒಂದು ಭಾಗ, ಅಂದರೆ 55 ಸದಸ್ಯರು, ಸಹಿ ಹಾಕಿ ನೋಟಿಸ್ ಕೊಟ್ಟರೆ 14 ದಿನದೊಳಗೆ ವಿಶೇಷ ಬೈಠಕ್ ನಡೆಯಲೇಬೇಕು. ಅಧಿವೇಶನ ನಡೆಯುತ್ತಿದ್ದರೆ ನೋಟಿಸ್ ಸ್ಪೀಕರ್‌ಗೆ, ಇಲ್ಲದಿದ್ದರೆ ನೇರ ರಾಷ್ಟ್ರಪತಿಗೆ. ಅಲ್ಲಿ ಸರಳ ಬಹುಮತದಿಂದ ಬೇಡವೆಂದರೆ ರಾಷ್ಟ್ರಪತಿ ಉದ್ಘೋಷಣೆಯನ್ನು ಹಿಂತೆಗೆದುಕೊಳ್ಳಲೇಬೇಕು. ಹೇರಲು ವಿಶೇಷ ಬಹುಮತ, ತೆಗೆಯಲು ಸರಳ ಬಹುಮತ. ತುಂಬ ಯೋಚಿಸಿ ಇಟ್ಟ ವ್ಯತ್ಯಾಸ ಇದು.

ಪ್ರಶ್ನೆ: ಯುದ್ಧ ಸಾರಲು ಸಂಸತ್ತಿನ ಅನುಮತಿ ಬೇಕೇ? ಅಮೆರಿಕದಲ್ಲಿ ಬೇಕಂತೆ, ನಮ್ಮಲ್ಲಿ?
(ನಿವೃತ್ತ ಸುಬೇದಾರ್, ಮಡಿಕೇರಿ)

ನಮ್ಮ ಸಂವಿಧಾನದಲ್ಲಿ ‘ಯುದ್ಧ ಸಾರುವ ಅಧಿಕಾರ ಇಂಥವರದು’ ಎಂದು ಹೇಳುವ ವಿಧಿ ಇಲ್ಲ. ತುಂಡುತುಂಡಾಗಿ ಜೋಡಿಸಿ ನೋಡಬೇಕು. 53ನೇ ವಿಧಿಯ 2ನೇ ಖಂಡದಂತೆ ರಕ್ಷಣಾ ಪಡೆಗಳ ಪರಮಾಧಿಪತ್ಯ ರಾಷ್ಟ್ರಪತಿಯದು, ಅದರ ಚಲಾವಣೆ ಕಾನೂನಿಗೆ ಒಳಪಟ್ಟಿರುತ್ತದೆ. 74ನೇ ವಿಧಿಯಂತೆ ರಾಷ್ಟ್ರಪತಿ ನಡೆಯಬೇಕಾದ್ದು ಮಂತ್ರಿಮಂಡಲದ ಸಲಹೆಯಂತೆ. ‘ಯುದ್ಧ ಮತ್ತು ಶಾಂತಿ’ ಕೇಂದ್ರಪಟ್ಟಿಯ 15ನೇ ನಮೂದು. ಸಂಸತ್ತು ಕಾನೂನು ಮಾಡಬಹುದಾದ ವಿಷಯಗಳಲ್ಲೆಲ್ಲ ಕೇಂದ್ರಕ್ಕೆ ಕಾರ್ಯಾಂಗದ ಅಧಿಕಾರವೂ ಇರುತ್ತದೆಂದು 73ನೇ ವಿಧಿ ಹೇಳುತ್ತದೆ. ಇವನ್ನೆಲ್ಲ ಕೂಡಿಸಿದರೆ ಉತ್ತರ ಇಷ್ಟು: ಸೇನೆ ಕಳಿಸುವ ತೀರ್ಮಾನ ಸರ್ಕಾರದ್ದು, ಮುಂಚಿತ ಮತದಾನ ಕಡ್ಡಾಯವಲ್ಲ. ವಾಸ್ತವದಲ್ಲಿ ಆ ತೀರ್ಮಾನ ಆಗುವುದು ಪ್ರಧಾನಿ ಅಧ್ಯಕ್ಷತೆಯ ಭದ್ರತಾ ಸಂಪುಟ ಸಮಿತಿಯಲ್ಲಿ. ಪರಮಾಣು ಅಸ್ತ್ರ ಬಳಸಲು ಅಪ್ಪಣೆ ಕೊಡುವ ರಾಜಕೀಯ ಪರಿಷತ್ತು ಇದೆಯಲ್ಲ, 2003ರ ಜನವರಿ 4ರಂದು ಪ್ರಕಟವಾದದ್ದು, ಅದು ರೂಪುಗೊಂಡದ್ದೂ ಇದೇ ಸಮಿತಿಯ ನಿರ್ಣಯದಿಂದ. ಅದಕ್ಕೆ ಸಂಸತ್ತಿನ ಕಾಯ್ದೆಯ ಆಧಾರವಿಲ್ಲ.

1962ರಲ್ಲಿ ನೆಹರೂ ಸರ್ಕಾರ ಯುದ್ಧ ನಡೆಯುತ್ತಿದ್ದಾಗಲೇ, ನವೆಂಬರ್ 8ರಂದು, ಸಂಸತ್ತನ್ನು ಸೇರಿಸಿ ನಿರ್ಣಯ ಮಂಡಿಸಿತು. ಸ್ವಪಕ್ಷದವರೂ ಸರ್ಕಾರವನ್ನು ಕಟುವಾಗಿ ಪ್ರಶ್ನಿಸಿದರು. 1987ರಲ್ಲಿ ಶ್ರೀಲಂಕಾಕ್ಕೆ ಶಾಂತಿಪಾಲನಾ ಪಡೆ ಹೋದದ್ದು ಒಪ್ಪಂದಕ್ಕೆ ಸಹಿ ಬಿದ್ದ ಬೆನ್ನಿಗೇ, ಸದನದ ಮತದಾನಕ್ಕೆ ಕಾಯದೆ. 1999ರ ಕಾರ್ಗಿಲ್ ಇನ್ನೂ ವಿಶಿಷ್ಟ. ಏಪ್ರಿಲ್ 17ರಂದು ವಾಜಪೇಯಿ ಸರ್ಕಾರ ಒಂದು ಮತದಿಂದ ಸೋತಿತ್ತು, 26ರಂದು ಲೋಕಸಭೆ ವಿಸರ್ಜನೆಯಾಗಿತ್ತು. ಅಂದರೆ ಯುದ್ಧ ನಡೆಸಿದ್ದು ಉಸ್ತುವಾರಿ ಸರ್ಕಾರ. ರಾಜ್ಯಸಭೆಯ ವಿಶೇಷ ಅಧಿವೇಶನ ಕರೆಯಿರಿ ಎಂಬ ವಿರೋಧ ಪಕ್ಷಗಳ ಒತ್ತಾಯವನ್ನು ಸರ್ಕಾರ ಒಪ್ಪಲಿಲ್ಲ. 352ನೇ ವಿಧಿಯಡಿ ಉದ್ಘೋಷಣೆ ಹೊರಡಿಸಿದ್ದರೆ ತಿಂಗಳೊಳಗೆ ರಾಜ್ಯಸಭೆಯ ಒಪ್ಪಿಗೆ ಪಡೆಯಲೇಬೇಕಾಗುತ್ತಿತ್ತು. ಹೊರಡಿಸಲಿಲ್ಲವಾದ್ದರಿಂದ ಆ ಬಾಧ್ಯತೆ ಬರಲಿಲ್ಲ. ಯುದ್ಧ ಬೇರೆ, ಯುದ್ಧಕಾಲದ ತುರ್ತು ಪರಿಸ್ಥಿತಿ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಇಲ್ಲ.

ಹಾಗಾದರೆ ಸಂಸತ್ತಿನ ಹಿಡಿತ ಎಲ್ಲಿದೆ? ಹಣದಲ್ಲಿದೆ. 266ನೇ ವಿಧಿಯಂತೆ ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಮುಖ್ಯ ಖಜಾನೆಯಿಂದ, ಒಂದು ರೂಪಾಯಿ ತೆಗೆಯಲೂ ಕಾನೂನು ಬೇಕು. ಬಜೆಟ್ ಮೀರಿ ಖರ್ಚಾದರೆ 115ನೇ ವಿಧಿಯಡಿ ಪೂರಕ ಬೇಡಿಕೆ ಮಂಡಿಸಬೇಕು. ಎಷ್ಟಾಗುತ್ತದೆಂದು ವಿವರ ಕೊಡಲಾಗದಷ್ಟು ದೊಡ್ಡ, ಅನಿಶ್ಚಿತ ಖರ್ಚಿದ್ದರೆ 116ನೇ ವಿಧಿ ಲೋಕಸಭೆಗೆ ಮುಂಗಡ ಮಂಜೂರಾತಿಯ ಅವಕಾಶ ಕೊಡುತ್ತದೆ. ಸದನ ಸೇರುವವರೆಗಿನ ದಾರಿ ಸಾದಿಲ್ವಾರು ನಿಧಿ, ಅಂದರೆ ಅನಿರೀಕ್ಷಿತ ಖರ್ಚಿಗೆ ಇಟ್ಟ ನಿಧಿ. ಅದರಿಂದ ತೆಗೆದದ್ದನ್ನು ಆಮೇಲೆ ಸಂಸತ್ತಿನ ಒಪ್ಪಿಗೆ ಪಡೆದು ತುಂಬಬೇಕು. 2021ರಲ್ಲಿ ಈ ನಿಧಿಯನ್ನು 500 ಕೋಟಿಯಿಂದ 30,000 ಕೋಟಿ ರೂಪಾಯಿಗೆ ಏರಿಸಿದರು. ಸಂಸತ್ತನ್ನು ಕೇಳುವ ಮುಂಚೆ ಸರ್ಕಾರ ಖರ್ಚು ಮಾಡಬಹುದಾದ ಮೊತ್ತ ಒಂದೇ ಏಟಿಗೆ 60 ಪಟ್ಟಾಯಿತು. ಸೇನಾ ಕಾರ್ಯಾಚರಣೆಯ ಹಿನ್ನೆಲೆಯಲ್ಲಿ ಈ ಅಂಕಿಯನ್ನು ಚರ್ಚಿಸುವವರು ವಿರಳ, ಚರ್ಚಿಸಬೇಕಿತ್ತು.

ಇನ್ನೊಂದು ಹಿಡಿತ ಯುದ್ಧದ ಕೊನೆಯಲ್ಲಿದೆ. ಸಂಧಾನದಲ್ಲಿ ಸರ್ಕಾರ ಭಾರತದ ನೆಲವನ್ನು ಬಿಟ್ಟುಕೊಡಲು ಒಪ್ಪಿದರೆ ಬರಿಯ ಒಪ್ಪಂದ ಸಾಲದು, ಸಂವಿಧಾನ ತಿದ್ದುಪಡಿಯೇ ಬೇಕೆಂದು ಸುಪ್ರೀಂ ಕೋರ್ಟ್ 1960ರಲ್ಲಿ ಬೇರುಬಾರಿ ವಿಚಾರದಲ್ಲಿ ಹೇಳಿತು. ಅದೇ ವರ್ಷ 9ನೇ ತಿದ್ದುಪಡಿ ಬಂತು. ಬಾಂಗ್ಲಾದೇಶದ ಜೊತೆ ಗಡಿತುಂಡುಗಳ ವಿನಿಮಯಕ್ಕೆ 2015ರಲ್ಲಿ 100ನೇ ತಿದ್ದುಪಡಿ ಬೇಕಾದದ್ದೂ ಇದಕ್ಕೇ. ಆದರೆ ಎಲ್ಲಿದೆ ಎಂದು ತಕರಾರಿರುವ ಗಡಿಯನ್ನು ಗುರುತಿಸಿಕೊಳ್ಳುವುದು ನೆಲ ಬಿಟ್ಟುಕೊಟ್ಟಂತಲ್ಲ, ಅದಕ್ಕೆ ತಿದ್ದುಪಡಿ ಬೇಡ ಎಂದು 1969ರಲ್ಲಿ ಕಛ್ ಪ್ರಕರಣದಲ್ಲಿ ತೀರ್ಪಾಯಿತು.

ಅಮೆರಿಕದ ಸಂವಿಧಾನದಲ್ಲಿ ಯುದ್ಧ ಸಾರುವ ಅಧಿಕಾರ ಕಾಂಗ್ರೆಸ್ಸಿನದು, ನಿಜ. ಆದರೆ ಅದು ಕೊನೆಯದಾಗಿ ವಿಧಿವತ್ತಾಗಿ ಯುದ್ಧ ಸಾರಿದ್ದು 1942ರಲ್ಲಿ. ವಿಯೆಟ್ನಾಂ ಅನುಭವದ ಮೇಲೆ 1973ರಲ್ಲಿ ಮಾಡಿದ ಕಾನೂನಿನಂತೆ ಅಧ್ಯಕ್ಷರು ಪಡೆಗಳನ್ನು ಸಂಘರ್ಷಕ್ಕೆ ಇಳಿಸಿದ 48 ಗಂಟೆಯೊಳಗೆ ವರದಿ ಕೊಡಬೇಕು, ಕಾಂಗ್ರೆಸ್ ಒಪ್ಪದಿದ್ದರೆ 60 ದಿನಕ್ಕೆ ನಿಲ್ಲಿಸಬೇಕು, ಹಿಂದಕ್ಕೆ ಕರೆಸಲು ಮತ್ತೆ 30 ದಿನ. ಅಂಥ ಗಡುವಿನ ಕಾನೂನು ಮಾಡಲು ನಮ್ಮ ಸಂಸತ್ತಿಗೂ ಅಧಿಕಾರವಿದೆ. ಮಾಡಿಲ್ಲ.

ಪ್ರಶ್ನೆ: ತುರ್ತು ಪರಿಸ್ಥಿತಿಯಲ್ಲಿ ಬದುಕುವ ಹಕ್ಕೂ ಇರುವುದಿಲ್ಲವಂತೆ, ಹೌದೇ?
(ಪ್ರೌಢಶಾಲಾ ಶಿಕ್ಷಕರು, ಸಿಂಧನೂರು)

1976ರಲ್ಲಿ ಹೌದು, ಈಗ ಇಲ್ಲ.

ಅಂದು 21ನೇ ವಿಧಿಯನ್ನೂ ಸೇರಿಸಿ ಹಕ್ಕುಗಳ ಜಾರಿಯನ್ನು ರಾಷ್ಟ್ರಪತಿಯ ಆದೇಶ ತಡೆಹಿಡಿದಿತ್ತು. ಒಂದು ಲಕ್ಷಕ್ಕೂ ಹೆಚ್ಚು ಜನ ವಿಚಾರಣೆಯಿಲ್ಲದೆ ಒಳಗಿದ್ದರು. ಹಲವು ಹೈಕೋರ್ಟ್‌ಗಳು ಅವರ ಅರ್ಜಿ ಕೇಳಲು ಸಿದ್ಧವಾದವು. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಪೊಲೀಸನೊಬ್ಬ ಸ್ವಂತ ದ್ವೇಷಕ್ಕೆ ಒಬ್ಬನನ್ನು ಕೊಂದರೂ ಪರಿಹಾರವಿಲ್ಲವೇ ಎಂದು ನ್ಯಾಯಮೂರ್ತಿ ಎಚ್.ಆರ್. ಖನ್ನಾ ಕೇಳಿದಾಗ, ತುರ್ತು ಪರಿಸ್ಥಿತಿ ಇರುವವರೆಗೆ ಇಲ್ಲ ಎಂಬುದು ಅಟಾರ್ನಿ ಜನರಲ್ ಅವರ ಉತ್ತರವಾಗಿತ್ತು. 1976ರ ಏಪ್ರಿಲ್ 28ರಂದು ಜಬಲ್ಪುರ ಪ್ರಕರಣದಲ್ಲಿ ನಾಲ್ವರು ನ್ಯಾಯಮೂರ್ತಿಗಳು ಸರ್ಕಾರದ ವಾದ ಒಪ್ಪಿದರು, ಖನ್ನಾ ಒಬ್ಬರೇ ಒಪ್ಪಲಿಲ್ಲ. ಮುಂದಿನ ಜನವರಿಯಲ್ಲಿ ಅವರ ಹಿರಿತನವನ್ನು ಬದಿಗೊತ್ತಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದರು, ಅವರು ರಾಜೀನಾಮೆ ಕೊಟ್ಟರು.

44ನೇ ತಿದ್ದುಪಡಿ 359ನೇ ವಿಧಿಯನ್ನು ಬದಲಿಸಿತು. 20 ಮತ್ತು 21ನೇ ವಿಧಿಗಳ ಜಾರಿಯನ್ನು ಯಾವ ಆದೇಶವೂ ತಡೆಯುವಂತಿಲ್ಲ. 20 ಎಂದರೆ ಹಿಂದಿನ ದಿನಾಂಕದಿಂದ ಶಿಕ್ಷೆ ವಿಧಿಸದಿರುವುದು, ಒಂದೇ ಅಪರಾಧಕ್ಕೆ ಎರಡು ಸಲ ಶಿಕ್ಷಿಸದಿರುವುದು, ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಲು ಬಲವಂತಪಡಿಸದಿರುವುದು. 21 ಎಂದರೆ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯ. ಜಬಲ್ಪುರದ ತೀರ್ಪನ್ನು ಸುಪ್ರೀಂ ಕೋರ್ಟೇ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠದಲ್ಲಿ ತಳ್ಳಿಹಾಕಿತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಮಾತು, ಸಭೆ, ಸಂಚಾರದ ಸ್ವಾತಂತ್ರ್ಯವಿರುವ 19ನೇ ವಿಧಿಯ ಕಥೆ ಬೇರೆ. ಯುದ್ಧ ಅಥವಾ ಬಾಹ್ಯ ಆಕ್ರಮಣದ ಉದ್ಘೋಷಣೆಯಾದರೆ 358ನೇ ವಿಧಿಯಂತೆ ಅದರ ರಕ್ಷಣೆ ತಾನಾಗಿ ಬದಿಗೆ ಸರಿಯುತ್ತದೆ. ಸಶಸ್ತ್ರ ಬಂಡಾಯದ ಉದ್ಘೋಷಣೆಯಲ್ಲಿ ಹಾಗಾಗುವುದಿಲ್ಲ. ಅಲ್ಲದೆ ಈ ರಿಯಾಯಿತಿ ಸಿಗುವುದು ‘ತುರ್ತು ಪರಿಸ್ಥಿತಿಗೆ ಸಂಬಂಧಿಸಿದ ಕಾನೂನು ಇದು’ ಎಂಬ ಒಕ್ಕಣೆಯನ್ನು ಹೊತ್ತ ಕಾನೂನಿಗೆ ಮತ್ತು ಅದರಡಿಯ ಕ್ರಮಕ್ಕೆ ಮಾತ್ರ. ಬೇರೆ ಕಾನೂನಿನಡಿ ಅಧಿಕಾರಿಯೊಬ್ಬರು ಪತ್ರಿಕೆ ಮುಚ್ಚಿಸಿ ‘ಯುದ್ಧಕಾಲ’ ಎಂದರೆ ನಿಲ್ಲುವುದಿಲ್ಲ.

ಪ್ರಶ್ನೆ: ಮುನ್ನೆಚ್ಚರಿಕೆಯಾಗಿ ಒಬ್ಬರನ್ನು ಬಂಧಿಸಿಟ್ಟರೆ ಮನೆಯವರು ಏನು ನೋಡಬೇಕು? ಸರ್ಕಾರ ಭದ್ರತೆ ಎಂದ ಮೇಲೆ ಕೋರ್ಟ್ ಕೇಳುತ್ತದೆಯೇ?
(ಕಿರಿಯ ವಕೀಲರು, ಕಲಬುರಗಿ)

ಕೇಳುತ್ತದೆ. ಇಂಥ ಪ್ರಕರಣಗಳು ಬಹುಪಾಲು ಗೆಲ್ಲುವುದು ಭಾಷಣದಿಂದಲ್ಲ, ತಾರೀಖಿನಿಂದ. ರಾಷ್ಟ್ರೀಯ ಭದ್ರತಾ ಕಾಯ್ದೆ, 1980ನ್ನೇ ಇಟ್ಟುಕೊಳ್ಳಿ. ಜಿಲ್ಲಾ ಮ್ಯಾಜಿಸ್ಟ್ರೇಟ್ ಹೊರಡಿಸಿದ ಆದೇಶವನ್ನು 12 ದಿನದೊಳಗೆ ರಾಜ್ಯ ಸರ್ಕಾರ ಅನುಮೋದಿಸಬೇಕು. ರಾಜ್ಯವು 7 ದಿನದೊಳಗೆ ಕೇಂದ್ರಕ್ಕೆ ವರದಿ ಕಳಿಸಬೇಕು. ಬಂಧನದ ಕಾರಣಗಳನ್ನು ಬಂಧಿತರಿಗೆ ಸಾಮಾನ್ಯವಾಗಿ 5 ದಿನದೊಳಗೆ ಕೊಡಬೇಕು. 3 ವಾರದೊಳಗೆ ಪ್ರಕರಣ ಸಲಹಾ ಮಂಡಳಿಯ (ಬಂಧನಕ್ಕೆ ಸಾಕಷ್ಟು ಕಾರಣವಿದೆಯೇ ಎಂದು ನೋಡುವ ಮಂಡಳಿ) ಮುಂದೆ ಹೋಗಬೇಕು, ಬಂಧನದಿಂದ 7 ವಾರದೊಳಗೆ ಮಂಡಳಿ ವರದಿ ಕೊಡಬೇಕು. ಗರಿಷ್ಠ ಅವಧಿ 12 ತಿಂಗಳು.

ಆದ್ದರಿಂದ ಮೊದಲು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಬೇಕಾದದ್ದು: ಆದೇಶದ ತಾರೀಖು, ಅದು ಕೈಗೆ ಬಂದ ತಾರೀಖು, ಕಾರಣಗಳು ಸಿಕ್ಕಿದ ತಾರೀಖು, ಅವು ಬಂಧಿತರಿಗೆ ಬರುವ ಭಾಷೆಯಲ್ಲಿದ್ದವೇ, ಅವುಗಳಲ್ಲಿ ಹೆಸರಿಸಿದ ದಾಖಲೆಗಳ ಪ್ರತಿ ಕೊಟ್ಟರೇ, ಮನವಿ ಕಳಿಸಿದ ತಾರೀಖು, ಅದನ್ನು ಸರ್ಕಾರ ತೀರ್ಮಾನಿಸಿದ ತಾರೀಖು. 22ನೇ ವಿಧಿಯ 5ನೇ ಖಂಡ ಮನವಿ ಸಲ್ಲಿಸುವ ಹಕ್ಕು ಕೊಡುತ್ತದೆ. ಆ ಮನವಿ ವಿವರಣೆಯಿಲ್ಲದೆ ಕಡತದಲ್ಲಿ ಕೊಳೆತರೆ ಬಂಧನವೇ ರದ್ದಾಗುತ್ತದೆ. ಆರೋಪ ಎಷ್ಟೇ ಗಂಭೀರವಾಗಿರಲಿ, ಇದರಲ್ಲಿ ಕೋರ್ಟ್‌ಗಳು ಸಡಿಲ ಬಿಡುವುದಿಲ್ಲ. ಹೇಬಿಯಸ್ ಕಾರ್ಪಸ್ ಅರ್ಜಿಯನ್ನು (ಬಂಧಿತರನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಕೇಳುವ ಅರ್ಜಿ) 226ನೇ ವಿಧಿಯಡಿ ಹೈಕೋರ್ಟಿಗೆ ಬಂಧಿತರೇ ಹಾಕಬೇಕೆಂದಿಲ್ಲ, ಬಂಧುಗಳು, ಸ್ನೇಹಿತರು ಹಾಕಬಹುದು.

ತುರ್ತು ಪರಿಸ್ಥಿತಿ ಜಾರಿಯಲ್ಲಿದ್ದಾಗಲೂ ಇದು ಹೇಗೆ ನಡೆದಿದೆ ನೋಡಿ. 1965ರಲ್ಲಿ ಪಾಟ್ನಾದ ಜಿಲ್ಲಾ ಮ್ಯಾಜಿಸ್ಟ್ರೇಟ್ ರಾಮಮನೋಹರ ಲೋಹಿಯಾ ಅವರನ್ನು ಭಾರತ ರಕ್ಷಣಾ ನಿಯಮಗಳಡಿ ಬಂಧನದಲ್ಲಿಟ್ಟರು. ನಿಯಮ ಅಧಿಕಾರ ಕೊಟ್ಟಿದ್ದದ್ದು ‘ಸಾರ್ವಜನಿಕ ಸುವ್ಯವಸ್ಥೆ’ಗಾಗಿ ಬಂಧಿಸಲು. ಆದೇಶದಲ್ಲಿ ಬರೆದದ್ದು ‘ಕಾನೂನು ಮತ್ತು ಸುವ್ಯವಸ್ಥೆ’ಗಾಗಿ ಎಂದು. ನ್ಯಾಯಮೂರ್ತಿ ಎಂ. ಹಿದಾಯತುಲ್ಲಾ ಒಂದರೊಳಗೊಂದು ಮೂರು ವೃತ್ತಗಳ ಚಿತ್ರ ಕೊಟ್ಟರು: ಹೊರಗಿನ ದೊಡ್ಡದು ಕಾನೂನು-ಸುವ್ಯವಸ್ಥೆ, ಅದರೊಳಗೆ ಸಾರ್ವಜನಿಕ ಸುವ್ಯವಸ್ಥೆ, ಒಳಗಿನ ಚಿಕ್ಕದು ರಾಜ್ಯದ ಭದ್ರತೆ. ಇಬ್ಬರು ಬೀದಿಯಲ್ಲಿ ಹೊಡೆದಾಡಿದರೆ ಹೊರವೃತ್ತಕ್ಕೆ ಧಕ್ಕೆ ಬರಬಹುದು, ಒಳವೃತ್ತಕ್ಕಲ್ಲ. ಆದೇಶ ನಿಯಮದ ಗಡಿ ದಾಟಿತ್ತು, ಲೋಹಿಯಾ ಬಿಡುಗಡೆಯಾದರು. 1962ರ ತುರ್ತು ಪರಿಸ್ಥಿತಿ ಆಗಿನ್ನೂ ತೆರವಾಗಿರಲಿಲ್ಲ. ಹಕ್ಕಿನ ಜಾರಿ ತಡೆಹಿಡಿದಿದ್ದರೂ, ಕಾನೂನು ಕೊಡದ ಅಧಿಕಾರವನ್ನು ಅಧಿಕಾರಿ ಚಲಾಯಿಸಿದರೆ ಅಥವಾ ದುರುದ್ದೇಶದಿಂದ ಚಲಾಯಿಸಿದರೆ ಪ್ರಶ್ನಿಸಬಹುದೆಂದು 1963ರಲ್ಲೇ ಮಖನ್ ಸಿಂಗ್ ಪ್ರಕರಣದಲ್ಲಿ ಕೋರ್ಟ್ ಹೇಳಿತ್ತು.

ಪ್ರಶ್ನೆ: 2020ರ ಲಾಕ್‌ಡೌನ್ ತುರ್ತು ಪರಿಸ್ಥಿತಿಯೇ ಅಲ್ಲವೇ? ಹಾಗಿದ್ದರೆ ಸಂಸತ್ತು ಏಕೆ ಒಪ್ಪಬೇಕಾಗಲಿಲ್ಲ?
(ಗಾರ್ಮೆಂಟ್ಸ್ ನೌಕರರು, ಬೆಂಗಳೂರು)

ಸಂವಿಧಾನದ ಲೆಕ್ಕದಲ್ಲಿ ಅಲ್ಲ. ರೋಗ 352ನೇ ವಿಧಿಯ ಕಾರಣಗಳಲ್ಲಿ ಇಲ್ಲ. ಲಾಕ್‌ಡೌನ್ ನಡೆದದ್ದು ವಿಪತ್ತು ನಿರ್ವಹಣಾ ಕಾಯ್ದೆ, 2005ರ ಅಡಿ. ರಾಜ್ಯಗಳು 1897ರ ಸಾಂಕ್ರಾಮಿಕ ರೋಗಗಳ ಕಾಯ್ದೆಯನ್ನೂ ಬಳಸಿದವು. ಇವೆರಡರಲ್ಲೂ ‘ತಿಂಗಳೊಳಗೆ ಸದನದ ಒಪ್ಪಿಗೆ’ ಎಂಬ ಷರತ್ತಿಲ್ಲ. ಮೂಲಭೂತ ಹಕ್ಕುಗಳು ಹಾಗೆಯೇ ಇದ್ದವು, ನಿರ್ಬಂಧ ನ್ಯಾಯಯುತವೇ ಎಂದು ಕೋರ್ಟ್ ನೋಡಬಹುದಿತ್ತು, ನೋಡಿತು ಕೂಡ.

ನಿಮ್ಮ ಕೆಲಸಕ್ಕೆ ಹತ್ತಿರದ ತೀರ್ಪೇ ಒಂದಿದೆ. ಗುಜರಾತ್ ಸರ್ಕಾರ 2020ರ ಏಪ್ರಿಲ್‌ನಲ್ಲಿ ಕಾರ್ಖಾನೆ ಕಾಯ್ದೆಯ 5ನೇ ಕಲಮು ಬಳಸಿ ದಿನಕ್ಕೆ 12 ಗಂಟೆ ದುಡಿಸಲು, ಹೆಚ್ಚುವರಿ ಗಂಟೆಗೆ ಎರಡು ಪಟ್ಟು ಕೂಲಿಯ ಬದಲು ಮಾಮೂಲಿ ದರ ಕೊಡಲು ಅಧಿಸೂಚನೆ ಹೊರಡಿಸಿತು. ಆ ಕಲಮು ಬಳಸಲು ‘ಸಾರ್ವಜನಿಕ ತುರ್ತು’ ಇರಬೇಕಿತ್ತು: ಯುದ್ಧ, ಬಾಹ್ಯ ಆಕ್ರಮಣ ಅಥವಾ ಆಂತರಿಕ ಕ್ಷೋಭೆಯಿಂದ ದೇಶದ ಭದ್ರತೆಗೇ ಗಂಡಾಂತರ ಬಂದಿರಬೇಕಿತ್ತು. ಸಾಂಕ್ರಾಮಿಕದ ಆರ್ಥಿಕ ಹೊಡೆತ ಆ ಮಟ್ಟದ್ದಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 1ರಂದು ಅಧಿಸೂಚನೆಯನ್ನು ರದ್ದುಪಡಿಸಿ, ಬಾಕಿ ಓವರ್‌ಟೈಮ್ ಕೊಡಿಸಿತು. ‘ತುರ್ತು’ ಎಂಬ ಮಾತು ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ಆ ಕಾನೂನಿನೊಳಗಿನ ಅರ್ಥವನ್ನೇ ತೆಗೆದು ನೋಡಬೇಕು.

ಪ್ರಶ್ನೆ: ತುರ್ತು ಪರಿಸ್ಥಿತಿಯ ನೆಪದಲ್ಲಿ ಚುನಾವಣೆ ಮುಂದೂಡಬಹುದೇ?
(ಗ್ರಾಮ ಪಂಚಾಯಿತಿ ಮಾಜಿ ಸದಸ್ಯೆ, ಚನ್ನಗಿರಿ)

352ರ ಉದ್ಘೋಷಣೆ ಇದ್ದರೆ 83ನೇ ವಿಧಿಯಡಿ ಸಂಸತ್ತು ಕಾನೂನು ಮಾಡಿ ಲೋಕಸಭೆಯ ಅವಧಿಯನ್ನು ಒಂದು ಸಲಕ್ಕೆ ಒಂದು ವರ್ಷ ಹಿಗ್ಗಿಸಬಹುದು. ಉದ್ಘೋಷಣೆ ತೆರವಾದ ಮೇಲೆ 6 ತಿಂಗಳಿಗಿಂತ ಹೆಚ್ಚು ಎಳೆಯುವಂತಿಲ್ಲ. ಸರ್ಕಾರದ ಆದೇಶದಿಂದ ಆಗುವ ಕೆಲಸ ಇದಲ್ಲ. 1971ರಲ್ಲಿ ಆಯ್ಕೆಯಾದ ಲೋಕಸಭೆ ಹೀಗೇ 1977ರವರೆಗೆ ಉಳಿಯಿತು.

ಪ್ರಶ್ನೆ: ರಾಷ್ಟ್ರಪತಿ ಆಳ್ವಿಕೆಗೆ ಬೊಮ್ಮಾಯಿ ತೀರ್ಪು ಹಾಕಿದ ಕಡಿವಾಣ ಯಾವುದು?
(ಸ್ಪರ್ಧಾತ್ಮಕ ಪರೀಕ್ಷಾರ್ಥಿ, ಧಾರವಾಡ)

ಘಟನೆಯಿಂದ ಶುರು ಮಾಡಿದರೆ ತತ್ತ್ವ ತಾನಾಗಿ ಅರ್ಥವಾಗುತ್ತದೆ. 1989ರ ಏಪ್ರಿಲ್‌ನಲ್ಲಿ 19 ಶಾಸಕರು ಬೆಂಬಲ ಹಿಂತೆಗೆದುಕೊಂಡಿದ್ದಾರೆ ಎಂಬ ಪತ್ರಗಳು ರಾಜ್ಯಪಾಲ ಪಿ. ವೆಂಕಟಸುಬ್ಬಯ್ಯ ಅವರಿಗೆ ಬಂದವು. ಅವರು ರಾಷ್ಟ್ರಪತಿಗೆ ವರದಿ ಕಳಿಸಿದರು. ಮರುದಿನವೇ ಅವರಲ್ಲಿ 7 ಮಂದಿ, ನಮ್ಮ ಸಹಿಯನ್ನು ತಪ್ಪು ತಿಳಿವಳಿಕೆ ಕೊಟ್ಟು ಪಡೆದರು, ನಾವು ಸರ್ಕಾರದ ಜೊತೆಗಿದ್ದೇವೆ ಎಂದು ಬರೆದರು. ವಿಧಾನಸಭೆ ಕರೆದು ಬಹುಮತ ತೋರಿಸುತ್ತೇನೆ ಎಂದು ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿ ಹೇಳಿದರೂ ರಾಜ್ಯಪಾಲರು ಅವಕಾಶ ಕೊಡಲಿಲ್ಲ. ಏಪ್ರಿಲ್ 21ರಂದು ಸರ್ಕಾರ ವಜಾ ಆಯಿತು.

1994ರ ಮಾರ್ಚ್ 11ರ ತೀರ್ಪಿನಲ್ಲಿ 9 ನ್ಯಾಯಮೂರ್ತಿಗಳ ಪೀಠ ಬಹುಮತದ ಪರೀಕ್ಷೆಗೆ ಜಾಗ ಸದನವೇ ಹೊರತು ರಾಜಭವನವಲ್ಲ ಎಂದಿತು. ಸಂಪುಟ ಕೊಟ್ಟ ಸಲಹೆಯನ್ನು ಕೋರ್ಟ್ ಕೆದಕುವಂತಿಲ್ಲ, ಆದರೆ ಆ ಸಲಹೆಗೆ ಆಧಾರವಾದ ಸಾಮಗ್ರಿಯನ್ನು ತರಿಸಿ ನೋಡಬಹುದು. ಸಂಸತ್ತಿನ ಎರಡೂ ಸದನ ಒಪ್ಪುವವರೆಗೆ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲ, ಅಮಾನತಿನಲ್ಲಿ ಇಡಬಹುದಷ್ಟೇ. ಉದ್ಘೋಷಣೆ ತಪ್ಪೆಂದು ಕಂಡರೆ ವಜಾ ಆದ ಸರ್ಕಾರವನ್ನು ಮತ್ತೆ ಕೂರಿಸಬಹುದು. ಬೊಮ್ಮಾಯಿಯವರಿಗೆ ಅದರಿಂದ ಕುರ್ಚಿ ಸಿಗಲಿಲ್ಲ, ಅಷ್ಟರಲ್ಲಿ ಚುನಾವಣೆ ಮುಗಿದು 5 ವರ್ಷ ಆಗುತ್ತ ಬಂದಿತ್ತು. 2016ರಲ್ಲಿ ಉತ್ತರಾಖಂಡದಲ್ಲಿ ಮಾತ್ರ ಕೋರ್ಟ್ ಸಮಯಕ್ಕೆ ಸರಿಯಾಗಿ ಸದನದಲ್ಲೇ ಬಲಾಬಲ ಪರೀಕ್ಷೆ ಮಾಡಿಸಿತು, ಸರ್ಕಾರ ಉಳಿಯಿತು.

ಪರೀಕ್ಷೆಗೆ ನೆನಪಿಡಿ: ರಾಷ್ಟ್ರಪತಿ ಆಳ್ವಿಕೆಯ 356ನೇ ವಿಧಿಗೆ ಒಪ್ಪಿಗೆಯ ಗಡುವು 2 ತಿಂಗಳು, ಸರಳ ಬಹುಮತ ಸಾಕು, ಒಂದು ಸಲಕ್ಕೆ 6 ತಿಂಗಳು, ಗರಿಷ್ಠ 3 ವರ್ಷ. ಒಂದು ವರ್ಷ ದಾಟಬೇಕಾದರೆ 352ರ ಉದ್ಘೋಷಣೆ ಜಾರಿಯಲ್ಲಿರಬೇಕು, ಜೊತೆಗೆ ಚುನಾವಣೆ ನಡೆಸುವುದು ಕಷ್ಟವೆಂದು ಚುನಾವಣಾ ಆಯೋಗ ಪ್ರಮಾಣೀಕರಿಸಬೇಕು. 360ನೇ ವಿಧಿಯ ಹಣಕಾಸು ತುರ್ತು ಪರಿಸ್ಥಿತಿಯನ್ನು ಈವರೆಗೆ ಘೋಷಿಸಿಲ್ಲ. ಅದಕ್ಕೂ 2 ತಿಂಗಳು, ಸರಳ ಬಹುಮತ, ಆದರೆ 6 ತಿಂಗಳಿಗೊಮ್ಮೆ ನವೀಕರಣ ಬೇಡ.

ಪ್ರಶ್ನೆ: ‘ಗಲಭೆಪೀಡಿತ ಪ್ರದೇಶ’ ಎಂದು ಘೋಷಿಸಿದರೆ ಅಲ್ಲಿ ಮಿಲಿಟರಿ ಆಡಳಿತ ಬಂದಂತೆಯೇ?
(ಓದುಗರು, ಬೆಳಗಾವಿ)

ಇಲ್ಲ. ಮಿಲಿಟರಿ ಕಾನೂನಿನ ಪ್ರಸ್ತಾಪ ಬರುವುದು 34ನೇ ವಿಧಿಯಲ್ಲಿ, ಅದೂ ಆಗ ನಡೆದ ಕೃತ್ಯಗಳಿಗೆ ಸಂಸತ್ತು ಕ್ಷಮೆ ಕೊಡಬಹುದು ಎಂಬಷ್ಟಕ್ಕೆ. ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆ, 1958ರಡಿ ಸೇನೆ ಬರುವುದು ನಾಗರಿಕ ಆಡಳಿತಕ್ಕೆ ನೆರವಾಗಲು, ಅದನ್ನು ತೆರವುಗೊಳಿಸಲು ಅಲ್ಲ. 1997ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಎತ್ತಿಹಿಡಿಯುತ್ತಲೇ ಘೋಷಣೆಯನ್ನು 6 ತಿಂಗಳಿಗೊಮ್ಮೆ ಮರುಪರಿಶೀಲಿಸಬೇಕೆಂದಿತು. ಹಿಡಿದವರನ್ನು ತಡಮಾಡದೆ ಹತ್ತಿರದ ಪೊಲೀಸ್ ಠಾಣೆಗೆ ಒಪ್ಪಿಸಬೇಕು. ಮಣಿಪುರದ ಎನ್‌ಕೌಂಟರ್ ಪ್ರಕರಣದಲ್ಲಿ 2016ರಲ್ಲಿ, ಅತಿಯಾದ ಬಲಪ್ರಯೋಗ ಆ ಪ್ರದೇಶದಲ್ಲೂ ಕ್ಷಮ್ಯವಲ್ಲ, ತನಿಖೆಯಿಂದ ಪೂರ್ತಿ ವಿನಾಯಿತಿ ಇಲ್ಲ ಎಂದು ಕೋರ್ಟ್ ಹೇಳಿತು. ಆದರೆ ಮೊಕದ್ದಮೆ ಹೂಡಲು ಕೇಂದ್ರದ ಮುಂಚಿತ ಮಂಜೂರಾತಿ ಬೇಕೆಂಬ 6ನೇ ಕಲಮು ಹಾಗೇ ಇದೆ. ನ್ಯಾಯ ತಡವಾಗುವುದು ಅಲ್ಲಿ.

ಪ್ರಶ್ನೆ: ಎರಡೂ ಸದನಗಳಲ್ಲಿ ಮೂರನೇ ಎರಡು ಬಹುಮತವಿರುವ ಸರ್ಕಾರದ ಮುಂದೆ ಈ ಕಡಿವಾಣಗಳೆಲ್ಲ ಉಪಯೋಗಕ್ಕೆ ಬರುತ್ತವೆಯೇ?
(ನಿವೃತ್ತ ಉಪನ್ಯಾಸಕರು, ಮೈಸೂರು)

ಸದನದೊಳಗಿನ ಕಡಿವಾಣ ಆಗ ದುರ್ಬಲವಾಗುತ್ತದೆ, ಅದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಉಳಿಯುವುದು ಕೋರ್ಟ್. 1975ರ 38ನೇ ತಿದ್ದುಪಡಿ ರಾಷ್ಟ್ರಪತಿಯ ತೃಪ್ತಿಯನ್ನು ಯಾವ ಕೋರ್ಟಿನಲ್ಲೂ ಪ್ರಶ್ನಿಸುವಂತಿಲ್ಲ ಎಂದಿತ್ತು, 44ನೆಯದು ಆ ಖಂಡವನ್ನು ಕಿತ್ತುಹಾಕಿತು. 1980ರ ಮಿನರ್ವ ಮಿಲ್ಸ್ ಪ್ರಕರಣದ ನಂತರ, ಉದ್ಘೋಷಣೆ ದುರುದ್ದೇಶದ್ದೇ, ಸಂಬಂಧವಿಲ್ಲದ ಕಾರಣದ್ದೇ ಎಂದು ಕೋರ್ಟ್ ಪರಿಶೀಲಿಸಬಹುದೆಂಬ ನಿಲುವು ಗಟ್ಟಿಯಾಗಿದೆ.

ಆದರೆ ನಾವು ಹೆಚ್ಚು ಗಮನ ಕೊಡಬೇಕಾದದ್ದು 352ರ ಕಡೆಗಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ. 1977ರ ನಂತರ ಆ ವಿಧಿಯಡಿ ಒಂದೂ ಉದ್ಘೋಷಣೆ ಬಂದಿಲ್ಲ. ಅಧಿಕಾರ ಹರಿಯುತ್ತಿರುವುದು ಸಾಮಾನ್ಯ ಕಾನೂನುಗಳ ಮೂಲಕ, ಅಲ್ಲಿ ಸದನದ ಒಪ್ಪಿಗೆಯ ಗಡುವೇ ಇಲ್ಲ. ಇಂಟರ್ನೆಟ್ ಸ್ಥಗಿತದ ಆದೇಶವನ್ನು ಪ್ರಕಟಿಸಲೇಬೇಕೆಂದು ಸುಪ್ರೀಂ ಕೋರ್ಟ್ 2020ರ ಜನವರಿ 10ರಂದು ಅನುರಾಧಾ ಭಸಿನ್ ಪ್ರಕರಣದಲ್ಲಿ ಹೇಳಿತು. ನಿಯಮಗಳಂತೆ ಒಂದು ಆದೇಶ 15 ದಿನ ಮೀರುವಂತಿಲ್ಲ, ಪರಿಶೀಲನಾ ಸಮಿತಿ ಅದನ್ನು ಬೇಗನೆ ನೋಡಬೇಕು. ಆದೇಶದ ಪ್ರತಿಯೇ ಸಿಗದಿದ್ದರೆ ಪ್ರಶ್ನಿಸುವುದು ಯಾವುದನ್ನು? ಆದ್ದರಿಂದ ಮೊದಲ ಅರ್ಜಿ ಆದೇಶದ ಪ್ರತಿಗಾಗಿಯೇ ಇರಲಿ. ಸುಗ್ರೀವಾಜ್ಞೆಯೂ ಹಾಗೇ. ಸಂಸತ್ತು ಸೇರಿದ 6 ವಾರಕ್ಕೆ ಅದು ಸಾಯಬೇಕು, ರಾಜ್ಯಗಳಲ್ಲೂ ಇದೇ ನಿಯಮ. ಬಿಹಾರ 1967ರಿಂದ 1981ರವರೆಗೆ 256 ಸುಗ್ರೀವಾಜ್ಞೆ ಹೊರಡಿಸಿ, ಸದನಕ್ಕೆ ತಾರದೆ ಮತ್ತೆ ಮತ್ತೆ ಜೀವ ತುಂಬಿತು. 1986ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಸಂವಿಧಾನಕ್ಕೆ ಮಾಡಿದ ವಂಚನೆ ಎಂದು ಕರೆಯಿತು.

ಇನ್ನೊಂದು ಬಾಕಿ ಕೆಲಸವಿದೆ. 44ನೇ ತಿದ್ದುಪಡಿಯ 3ನೇ ಕಲಮಿನಂತೆ ಸಲಹಾ ಮಂಡಳಿಯ ಅಭಿಪ್ರಾಯವಿಲ್ಲದೆ ಒಬ್ಬರನ್ನು ಬಂಧನದಲ್ಲಿಡಬಹುದಾದ ಅವಧಿ 3 ತಿಂಗಳಿಂದ 2 ತಿಂಗಳಿಗೆ ಇಳಿಯಬೇಕು. ಮಂಡಳಿಯನ್ನು ಹೈಕೋರ್ಟ್ ಮುಖ್ಯ ನ್ಯಾಯಮೂರ್ತಿಯ ಶಿಫಾರಸಿನಂತೆ ರಚಿಸಬೇಕು, ಅಧ್ಯಕ್ಷರು ಸೇವೆಯಲ್ಲಿರುವ ಹೈಕೋರ್ಟ್ ನ್ಯಾಯಮೂರ್ತಿಯೇ ಆಗಿರಬೇಕು. ಸಂಸತ್ತು ಇದನ್ನು ಅಂಗೀಕರಿಸಿದೆ, ರಾಷ್ಟ್ರಪತಿಯ ಅಂಕಿತವೂ ಬಿದ್ದಿದೆ. ಜಾರಿಯ ದಿನವನ್ನು ಮಾತ್ರ ಕೇಂದ್ರ ಸರ್ಕಾರ ಅಧಿಸೂಚನೆಯಿಂದ ಗೊತ್ತುಪಡಿಸಬೇಕಿತ್ತು. ಉಳಿದ ಕಲಮುಗಳು 1979ರಲ್ಲಿ ಜಾರಿಗೆ ಬಂದವು, ಇದೊಂದು ಬರಲಿಲ್ಲ. ಜಾರಿಗೆ ತನ್ನಿ ಎಂದು ಸರ್ಕಾರಕ್ಕೆ ಆಜ್ಞಾಪಿಸಲು ಸುಪ್ರೀಂ ಕೋರ್ಟ್ 1981ರ ಎ.ಕೆ. ರಾಯ್ ಪ್ರಕರಣದಲ್ಲಿ ಒಪ್ಪಲಿಲ್ಲ. ಆಮೇಲೆ ಎಲ್ಲ ಬಣ್ಣದ ಸರ್ಕಾರಗಳೂ ಬಂದುಹೋಗಿವೆ. ಇದಕ್ಕೆ ಹೊಸ ಕಾನೂನು ಬೇಡ, ಮತದಾನವೂ ಬೇಡ, ರಾಜ್ಯಪತ್ರದಲ್ಲಿ ಒಂದು ಅಧಿಸೂಚನೆ ಸಾಕು. ನಿಮ್ಮ ಸಂಸದರಿಗೆ ಪತ್ರ ಬರೆಯುವುದಿದ್ದರೆ ಈ ಕಲಮಿನ ಸಂಖ್ಯೆ ಹೆಸರಿಸಿ, ಜಾರಿಯ ದಿನ ಯಾವಾಗ ಎಂದೇ ಕೇಳಿ.